ಚೌತಿ ಮುಗಿದ ಮೇಲೆ ಗ್ಯಾರೇಜ್ ಶಟರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದೆ, ಸ್ಪ್ರಿಂಗ್ ಬಿಗಿ ಮಾಡಬೇಕಾ?

ಕೋಡಿಬಾಗದ ಮನೆ:
ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಕಾರ್ ನಿಲ್ಲಿಸುವ ಜಾಗಕ್ಕೆ ಕೈಯಿಂದ ಎತ್ತುವ ರೋಲಿಂಗ್ ಶಟರ್ ಹಾಕಿಸಿ 6 ವರ್ಷ ಆಯಿತು. 9 ಅಡಿ ಅಗಲ, 8 ಅಡಿ ಎತ್ತರ. ಇಷ್ಟು ದಿನ ಒಂದೇ ಕೈಯಲ್ಲಿ ಎತ್ತುತ್ತಿದ್ದೆ. ಈಗ ಮೂರು ಅಡಿ ಮೇಲೆ ಬಂದ ಕೂಡಲೇ ಎಡಗಡೆ ಸಿಕ್ಕಿಕೊಳ್ಳುತ್ತದೆ. ಬಲಗಡೆ ಮಾತ್ರ ಮೇಲೇರಿ ಶಟರ್ ವಾರೆ ಆಗುತ್ತದೆ. ಮೇ ತಿಂಗಳಲ್ಲಿ ಶಟರ್ ಓಡುವ ಎರಡೂ ಬದಿಯ ಗೈಡ್‌ಗೆ ಗ್ರೀಸ್ ಮೆತ್ತಿದ್ದೆ. ಚೌತಿಗೆ ಮುಂಚೆ ಇನ್ನೊಮ್ಮೆ ಹಾಕಿದೆ. ಇನ್ನೂ ಬಿಗಿಯಾಯಿತು! ಪಟ್ಟಿಗಳ ಮೇಲೆ ಸುಣ್ಣದ ಹಾಗೆ ಬಿಳಿ ಪುಡಿ ಇದೆ, ಕೆಳಗಿನ ಪ್ಲೇಟಿನ ಅಂಚಿಗೆ ತುಕ್ಕು ಹಿಡಿದಿದೆ. ಪಕ್ಕದ ಮನೆಯವರು ಸ್ಪ್ರಿಂಗ್ ಸಡಿಲ ಆಗಿದೆ, ಬಿಗಿ ಮಾಡು ಅನ್ನುತ್ತಾರೆ. ನಾನೇ ಮಾಡಬಹುದಾ? ಅಮ್ಮ ದಿನಾ ಅದರ ಕೆಳಗೇ ಓಡಾಡುತ್ತಾರೆ, ಅದಕ್ಕೇ ಭಯ.

ಶಿರಸಿ ಕಡೆಯವ:
ನಮ್ಮಲ್ಲಿ ಉಪ್ಪುಗಾಳಿ ಇಲ್ಲ, ಆದರೆ ಸಿಕ್ಕಿಕೊಳ್ಳುವ ತೊಂದರೆ ನಮಗೂ ಇತ್ತು. ಕುಂಬಾರ ಹುಳ ಗೈಡ್ ಒಳಗೆ ಮಣ್ಣಿನ ಗೂಡು ಕಟ್ಟಿತ್ತು. ಟಾರ್ಚ್ ಹಾಕಿ ಮೇಲಿಂದ ಕೆಳಗಿನವರೆಗೆ ನೋಡಿ. ಗೂಡು ಇದ್ದರೆ ಉದ್ದ ಕಡ್ಡಿಯಿಂದ ಕೆರೆದು ತೆಗೆಯಬಹುದು.

ಬೈತಖೋಲ ಫಿಟ್ಟರ್:
ದಯವಿಟ್ಟು ಸ್ಪ್ರಿಂಗ್ ಮುಟ್ಟಬೇಡಿ. ಮೇಲಿನ ಪೈಪಿನಲ್ಲಿರುವ ಸ್ಪ್ರಿಂಗ್‌ಗಳನ್ನು ಸುತ್ತಿ ಬಿಗಿದೇ ಕೂರಿಸಿರುತ್ತಾರೆ. ಬ್ರಾಕೆಟ್ಟಿನ ಬೋಲ್ಟ್ ಬಿಚ್ಚಿದರೆ ಪೈಪು ಗಿರ್ರನೆ ತಿರುಗಿ ಕೈ ಮುರಿಯುತ್ತದೆ. ಆ ಕೆಲಸ ಗೊತ್ತಿರುವವರೇ ಮಾಡಬೇಕು. ರಿಪೇರಿ ಆಗುವವರೆಗೆ ಅಮ್ಮನನ್ನು ಬೇರೆ ಬಾಗಿಲಿಂದ ಓಡಾಡಲು ಹೇಳಿ.

ನಿಮ್ಮದು ಸ್ಪ್ರಿಂಗ್ ತೊಂದರೆ ಅಂತ ನನಗೆ ಅನಿಸುವುದಿಲ್ಲ. ಸ್ಪ್ರಿಂಗ್ ಹೋದರೆ ಶಟರ್ ನೆಲದಿಂದ ಎತ್ತುವಾಗಲೇ ಭಾರ. ನಿಮ್ಮದು ಮೂರು ಅಡಿಗೆ ಬಂದು, ಅದೂ ಒಂದೇ ಬದಿಗೆ ನಿಲ್ಲುತ್ತಿದೆ. ಅಷ್ಟೇ ಎತ್ತರದಲ್ಲಿ ಎಡಗಡೆ ಗೈಡ್‌ನ ತುಟಿ ಒಳಗೆ ಒತ್ತಿದೆಯಾ ನೋಡಿ. ಪಟ್ಟಿಗಳು ತೆಳು, ಹೇಗೋ ದಾಟಿಕೊಂಡು ಹೋಗುತ್ತವೆ. ಕೆಳಗಿನ ಪ್ಲೇಟ್ ದಪ್ಪ, ಅಲ್ಲಿ ಬಂದು ಕಚ್ಚಿಕೊಳ್ಳುತ್ತದೆ.

ಗ್ರೀಸ್ ಹಾಕಿದ ಮೇಲೆ ಜಾಸ್ತಿ ಆಯಿತು ಅಂದಿರಲ್ಲ, ಅದೂ ಸರಿಯೇ. ನಮ್ಮ ಕಡೆ ಗಾಳಿಯಲ್ಲಿ ಮರಳೂ ಇದೆ, ಉಪ್ಪೂ ಇದೆ. ಎರಡೂ ಗ್ರೀಸಿಗೆ ಅಂಟಿ ಗೈಡ್ ಒಳಗೆ ಗಟ್ಟಿ ಮೆತ್ತೆ ಆಗುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬಿದ್ದರೂ ಸೂರಿನ ಕೆಳಗಿರುವ ಗೈಡ್‌ಗೆ ಆ ನೀರು ತಾಗುವುದೇ ಇಲ್ಲ. ಹೊರಗಿನ ಗೇಟಿನ ಉಪ್ಪು ಮಳೆಗೆ ತೊಳೆದು ಹೋಗುತ್ತದೆ, ಒಳಗಿನದು ಕೂತಲ್ಲೇ ಕೂತಿರುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಂಡು ತಗಡನ್ನು ಹಸಿಯಾಗಿಯೇ ಇಡುತ್ತದೆ. ಮಳೆ ತಾಗದ ಜಾಗವೇ ಬೇಗ ಹಾಳಾಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಬಿಳಿ ಪುಡಿ ಅಂದರೆ ಸತುವಿನ ಲೇಪ ಸವೆಯುತ್ತಿದೆ. ಅದು ಮುಗಿದ ಜಾಗದಲ್ಲಿ ಕೆಂಪು ತುಕ್ಕು ಶುರುವಾಗುತ್ತದೆ.

ಈಗ ಹೀಗೆ ಮಾಡಿ. ಗ್ರೀಸನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಆಗ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಮೂಲೆಗೆ ಹಳೇ ಟೂತ್ ಬ್ರಷ್ ಸಾಕು. ಆಮೇಲೆ ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ. ನಿಮ್ಮ ಬಾವಿ ನೀರು ಉಪ್ಪಾಗಿದ್ದರೆ ಅದು ಬೇಡ, ನಲ್ಲಿ ನೀರು ಹಿಡಿಯಿರಿ. ಪೂರ್ತಿ ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ತೆಳುವಾಗಿ ಹೊಡೆಯಿರಿ. ಗ್ರೀಸ್ ಬೇಡ, ತೆಂಗಿನೆಣ್ಣೆಯೂ ಬೇಡ, ಅದಕ್ಕೂ ಮರಳು ಅಂಟಿಕೊಳ್ಳುತ್ತದೆ.

ಇದೆಲ್ಲ ಆದ ಮೇಲೆ ಸ್ಪ್ರಿಂಗ್ ಪರೀಕ್ಷೆ. ಜೊತೆಗೆ ಇನ್ನೊಬ್ಬರು ಇರಲಿ, ಇಬ್ಬರೂ ಕೆಳಗೆ ನಿಲ್ಲಬೇಡಿ. ಸೊಂಟದ ಎತ್ತರಕ್ಕೆ ಎತ್ತಿ ಕೈಯನ್ನು ನಿಧಾನ ಸಡಿಲ ಮಾಡಿ. ಅಲ್ಲೇ ನಿಂತರೆ ಸ್ಪ್ರಿಂಗ್ ಚೆನ್ನಾಗಿದೆ. ಧೊಪ್ಪನೆ ಇಳಿಯುವ ಹಾಗಿದ್ದರೆ ಹಿಡಿದು ಕೆಳಗಿಟ್ಟು ಫಿಟ್ಟರ್ ಕರೆಸಿ.

ಕೋಡಿಬಾಗದ ಮನೆ:
ಅಣ್ಣಾ, ನೀವು ಹೇಳಿದ್ದೇ ಆಯಿತು! ಸರಿಯಾಗಿ ಮೂರು ಅಡಿಗೆ ತುಟಿ ಒತ್ತಿದೆ. ಮಗನ ಸೈಕಲ್ ಅಲ್ಲೇ ಒರಗಿಸಿ ಇಡುತ್ತಿದ್ದ. ಹ್ಯಾಂಡಲ್ ತಾಗಿ ತಾಗಿ ಹೀಗಾಗಿದೆ. ಇದನ್ನು ಬಡಿಯಬಹುದಾ?

ಬೈತಖೋಲ ಫಿಟ್ಟರ್:
ಶಟರ್ ಕೆಳಗಿರುವಾಗ ಬಡಿಯಬೇಡಿ, ಪಟ್ಟಿಗೂ ಪೆಟ್ಟು ಬೀಳುತ್ತದೆ. ಒತ್ತಿದ ಜಾಗ ಬಿಡಿಸುವಷ್ಟು ಎತ್ತಲು ಆಗದಿದ್ದರೆ ಅಗಲ ಸ್ಕ್ರೂಡ್ರೈವರ್ ತೂರಿಸಿ ಸ್ವಲ್ಪ ಸ್ವಲ್ಪವೇ ಹೊರಗೆ ಮೀಟಿ. ಒಂದೇ ಸಲ ಎಳೆದರೆ ತಗಡು ಸೀಳುತ್ತದೆ.

ಕೋಡಿಬಾಗದ ಮನೆ:
ಭಾನುವಾರ ಎಲ್ಲ ಮಾಡಿದೆ. ಗೈಡ್ ಒಳಗಿಂದ ಒಂದು ತಟ್ಟೆ ತುಂಬ ಕಪ್ಪು ಮೆತ್ತೆ ಬಂತು, ಅದರಲ್ಲಿ ಮರಳೇ ಜಾಸ್ತಿ. ಈಗ ಶಟರ್ ನೇರ ಏರುತ್ತದೆ, ಸೊಂಟದ ಎತ್ತರದಲ್ಲಿ ನಿಂತೇ ಇರುತ್ತದೆ. ಅಮ್ಮನೇ ಎತ್ತಿ ನೋಡಿದರು. ಸೈಕಲ್ ಆಚೆ ಗೋಡೆಗೆ ಹೋಯಿತು. ತುಂಬಾ ಉಪಕಾರ ಆಯಿತು ಅಣ್ಣಾ. ಇನ್ನು ಇದನ್ನು ಯಾವಾಗ ಯಾವಾಗ ಮಾಡಬೇಕು? ತುಕ್ಕಿಗೆ ಈಗಲೇ ಬಣ್ಣ ಹಚ್ಚಲಾ?

ಬೈತಖೋಲ ಫಿಟ್ಟರ್:
ಜೂನ್ ಶುರುವಿನ ಮಿರಗದ ಮಳೆಗೆ ಮುಂಚೆ ಒಮ್ಮೆ, ಚೌತಿ ಆದ ಮೇಲೆ ಒಮ್ಮೆ ಪೂರ್ತಿ ತೊಳೆಯಿರಿ. ನಡುವೆ ಬಿಸಿಲು ಬಿದ್ದ ದಿನ ಸಿಕ್ಕಿದರೆ ಸುಮ್ನೆ ಒಂದು ಬಕೆಟ್ ಸಿಹಿನೀರು ಹೊಯ್ದರೂ ಆಗುತ್ತದೆ. ಬಣ್ಣ ಈಗ ಬೇಡ, ಗಾಳಿಯಲ್ಲಿ ಇನ್ನೂ ತೇವ ಇದೆ. ನವೆಂಬರ್ ಕೊನೆಗೆ ತುಕ್ಕನ್ನು ಉಜ್ಜಿ ತೆಗೆದು ಜಿಂಕ್ ರಿಚ್ (ಸತು ಜಾಸ್ತಿ ಇರುವ) ಪ್ರೈಮರ್, ಅದರ ಮೇಲೆ ಬಣ್ಣ. ಹಚ್ಚುವ ಹಿಂದಿನ ದಿನ ಇನ್ನೊಮ್ಮೆ ತೊಳೆದು ಒಣಗಿಸಿ. ಉಪ್ಪಿನ ಮೇಲೆ ಹಚ್ಚಿದ ಬಣ್ಣ ಮುಂದಿನ ಮಳೆಗಾಲಕ್ಕೇ ಗುಳ್ಳೆ ಏಳುತ್ತದೆ.