ನಿಂತುಹೋದ ಧಾರಾವಾಹಿಯನ್ನು ಆನ್‌ಲೈನ್‌ನಲ್ಲಿ ಮುಂದುವರಿಸಬಹುದೇ?

ಮಂಜಿನೂರು (ಸೋಮವಾರಪೇಟೆ):
ಟಿಆರ್‌ಪಿ ಬರಲಿಲ್ಲ ಅಂತ ಚಾನೆಲ್‌ನವರು 212ನೇ ಸಂಚಿಕೆಗೆ ನಿಲ್ಲಿಸಿದ ಧಾರಾವಾಹಿ. ಕಥೆ ಅರ್ಧಕ್ಕೇ ಉಳಿದಿದೆ. ಔಟ್‌ಡೋರ್ ಬಹುಪಾಲು ಈ ಕಡೆಯ ತೋಟದ ಬಂಗಲೆಯಲ್ಲೇ ನಡೆದಿತ್ತು. ಈಗ ಯೂಟ್ಯೂಬ್‌ನಲ್ಲೋ ಯಾವುದಾದರೂ ಆಪ್‌ನಲ್ಲೋ 40 ಸಂಚಿಕೆ ಮಾಡಿ ಕಥೆ ಮುಗಿಸೋಣ ಅಂತ ನಿರ್ಮಾಪಕರಿಗೆ ಆಸೆ. ಜೂನ್‌ನಲ್ಲಿ ಶೂಟಿಂಗ್, ವಾರಕ್ಕೆ ಐದು ಸಂಚಿಕೆ. ಎಲ್ಲೆಲ್ಲಿ ಕೈ ಸುಡುತ್ತೆ, ಗೊತ್ತಿದ್ದವರು ಹೇಳಿ.

ಕಡತ:
ಕ್ಯಾಮೆರಾ ಬಾಡಿಗೆ ವಿಚಾರಿಸುವ ಮೊದಲು ಚಾನೆಲ್ ಜೊತೆಗಿನ ಅಗ್ರಿಮೆಂಟ್ ಪೂರ್ತಿ ಓದಿ. ‘ನನ್ನ ಸೀರಿಯಲ್’ ಅಂತ ನಿರ್ಮಾಪಕರು ಹೇಳೋದೇ ಒಂದು, ಕಾಗದ ಹೇಳೋದೇ ಇನ್ನೊಂದು. ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ಮಾಡಿಸಿಕೊಂಡವರೇ ಮೊದಲ ಮಾಲೀಕರು. ಸಂಚಿಕೆಗೆ ಇಷ್ಟು ಅಂತ ಚಾನೆಲ್ ಕೊಟ್ಟು ಮಾಡಿಸಿದ್ದರೆ ಹಕ್ಕು ಅವರ ಹತ್ತಿರವೇ ಇರೋದು ಹೆಚ್ಚು. ಚಾನೆಲ್‌ನ ಸ್ಲಾಟ್ (ಪ್ರಸಾರದ ಸಮಯ) ಬಾಡಿಗೆಗೆ ಹಿಡಿದು ಸ್ವಂತ ದುಡ್ಡಲ್ಲಿ ಮಾಡಿದ್ದರೆ ನಿರ್ಮಾಪಕರ ಕೈ ಮೇಲು. ಹಕ್ಕು ಬರೆದುಕೊಟ್ಟಿದ್ದು ಅವಧಿಯನ್ನೇ ನಮೂದಿಸಿಲ್ಲ ಅಂದರೆ 19ನೇ ಸೆಕ್ಷನ್ ಅದನ್ನು 5 ವರ್ಷ ಅಂತ ಹಿಡಿಯುತ್ತದೆ. ‘ಎಲ್ಲ ಮಾಧ್ಯಮ, ಶಾಶ್ವತ’ ಅಂತ ಬರೆದಿದ್ದರೆ ಚಾನೆಲ್‌ನಿಂದ ಲೈಸೆನ್ಸ್ ತಗೊಳ್ಳದೆ ದಾರಿ ಇಲ್ಲ. ಬಾಯಿಮಾತಿನ ‘ಮಾಡ್ಕೊಳ್ಳಿ’ ನಡೆಯಲ್ಲ.

ಲೈಸೆನ್ಸ್ ಪತ್ರದಲ್ಲಿ ಶೀರ್ಷಿಕೆ, ಪಾತ್ರಗಳು, ಕಥೆ ಮುಂದುವರಿಸುವ ಹಕ್ಕು, ಫ್ಲ್ಯಾಶ್‌ಬ್ಯಾಕ್‌ಗೆ ಬೇಕಾದ ಹಳೇ ತುಣುಕು, ಶೀರ್ಷಿಕೆ ಗೀತೆ, ಇವಿಷ್ಟನ್ನೂ ಬಿಡಿಬಿಡಿಯಾಗಿ ಬರೆಸಿ. ಎಲ್ಲರೂ ಮರೆಯೋದು ಹಾಡನ್ನೇ. ಅದು ಆಡಿಯೋ ಕಂಪನಿಯ ಹೆಸರಲ್ಲಿದ್ದರೆ ಬೇರೆಯವರ ಹಾಡು, ವಿಡಿಯೋ ತಾನಾಗಿ ಪತ್ತೆ ಮಾಡುವ ಯೂಟ್ಯೂಬ್‌ನ ಕಂಟೆಂಟ್ ಐಡಿ ಹಿಡಿಯುತ್ತೆ. ಸಂಚಿಕೆ ನಿಮ್ಮದು, ಜಾಹೀರಾತಿನ ದುಡ್ಡು ಅವರದು.

ಸಂಚಿಕೆಗಾರ್ತಿ:
ಹಕ್ಕಿನ ಮಾತಿಗೆ ದೊಡ್ಡ ಉದಾಹರಣೆ ಅಮೆರಿಕದ್ದು. ಎಬಿಸಿ ಚಾನೆಲ್ 2011ರ ಏಪ್ರಿಲ್‌ನಲ್ಲಿ ‘ಆಲ್ ಮೈ ಚಿಲ್ಡ್ರನ್’, ‘ಒನ್ ಲೈಫ್ ಟು ಲಿವ್’ ಎರಡನ್ನೂ ನಿಲ್ಲಿಸುವುದಾಗಿ ಹೇಳಿತು. ನಾಲ್ಕು ದಶಕ ಓಡಿದ ಧಾರಾವಾಹಿಗಳು. ಪ್ರಾಸ್ಪೆಕ್ಟ್ ಪಾರ್ಕ್ ಎಂಬ ಕಂಪನಿ ಅದೇ ಜುಲೈನಲ್ಲಿ ಲೈಸೆನ್ಸ್ ಪಡೆಯಿತು. ದುಡ್ಡೂ ಹೊಂದಲಿಲ್ಲ, ಯೂನಿಯನ್‌ಗಳ ಜೊತೆ ಒಪ್ಪಂದವೂ ಕುದುರಲಿಲ್ಲ, ನವೆಂಬರ್‌ಗೆ ಕೈಬಿಟ್ಟರು. ಮತ್ತೆ ಜೋಡಿಸಿಕೊಂಡು ಆನ್‌ಲೈನ್‌ನ ಹುಲು, ಐಟ್ಯೂನ್ಸ್‌ನಲ್ಲಿ ಶುರು ಮಾಡಿದ್ದು 2013ರ ಏಪ್ರಿಲ್ 29ಕ್ಕೆ. ಒಂದು ಗಂಟೆಯ ಸಂಚಿಕೆ ಅರ್ಧ ಗಂಟೆಗೆ ಇಳಿಯಿತು. ಮೊದಲು ವಾರಕ್ಕೆ ನಾಲ್ಕು ಹೊಸ ಸಂಚಿಕೆ. ಜನ ಹಿಂದೆ ಬೀಳುತ್ತಿದ್ದಾರೆ ಅಂತ ಮೇ ತಿಂಗಳಲ್ಲೇ ಎರಡಕ್ಕೆ ಇಳಿಸಿದರು. ಇದರ ಮಧ್ಯೆ ಎಬಿಸಿಗೆ ಎರವಲು ಕೊಟ್ಟ ಪಾತ್ರಗಳ ವಿಷಯಕ್ಕೆ ಕೋರ್ಟು. ಅದೇ ವರ್ಷ ಶೂಟಿಂಗ್ ನಿಂತಿತು, 2014ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ.

‘ಡೇಸ್ ಆಫ್ ಅವರ್ ಲೈವ್ಸ್’ 2022ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿ ಚಾನೆಲ್‌ನಿಂದ ಪೀಕಾಕ್ ಆಪ್‌ಗೆ ಹೋದದ್ದು ಬೇರೆ ಲೆಕ್ಕ. ಎರಡೂ ಒಂದೇ ಮನೆಯವು, ಸೆಟ್ಟು, ತಂಡ ಯಾವುದೂ ಚದುರಿರಲಿಲ್ಲ. ನಿಮ್ಮಲ್ಲಿ ಕಲಾವಿದರು ಈಗಾಗಲೇ ಬೇರೆ ಚಾನೆಲ್‌ಗೆ ಡೇಟ್ಸ್ ಕೊಟ್ಟಿರುತ್ತಾರೆ. ನಾಯಕಿ ತಿಂಗಳಿಗೆ ನಾಲ್ಕೇ ದಿನ ಸಿಕ್ಕರೆ ವಾರಕ್ಕೆ ಐದು ಸಂಚಿಕೆ ಹೇಗೆ ಕೊಡ್ತೀರಿ? ವಾರಕ್ಕೆ ಎರಡು ಸಾಕು. ಹನ್ನೆರಡಾದರೂ ಎಡಿಟ್ ಆಗಿ ಬ್ಯಾಂಕಿಂಗ್ (ಮುಂಚೆಯೇ ತಯಾರಾದ ಸಂಚಿಕೆಗಳ ದಾಸ್ತಾನು) ಇರೋವರೆಗೆ ಮೊದಲನೆಯದನ್ನು ಬಿಡಬೇಡಿ. ಟಿವಿಯ ‘ಹಿಂದಿನ ಸಂಚಿಕೆಯಲ್ಲಿ’ ತುಣುಕನ್ನೂ ಬ್ರೇಕ್‌ಗೆ ಮುನ್ನ ಮೂರು ಸಲ ಝೂಮ್ ಮಾಡೋದನ್ನೂ ತೆಗೆದುಬಿಡಿ. ಆನ್‌ಲೈನ್‌ನಲ್ಲಿ ಜನ ಅದನ್ನೆಲ್ಲ ಓಡಿಸಿಯೇ ನೋಡೋದು.

ಕಕ್ಕಡ:
ಜೂನ್‌ನಲ್ಲಿ ಕೊಡಗಿನಲ್ಲಿ ಶೂಟಿಂಗಾ! ಬಂಗಲೆಯ ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಕಾಲರ್ ಮೈಕ್‌ನಲ್ಲಿ ಡೈಲಾಗ್‌ಗಿಂತ ಜೋರಾಗಿ ಅದೇ ಕೇಳುತ್ತೆ. ಸಿಂಕ್ ಸೌಂಡ್ (ಶೂಟಿಂಗ್‌ನಲ್ಲೇ ಹಿಡಿದ ದನಿ) ಬಿಟ್ಟು ಪೂರ್ತಿ ಡಬ್ಬಿಂಗ್ ಮಾಡಬೇಕು, ಆ ಖರ್ಚು ಬಜೆಟ್‌ನಲ್ಲಿ ಇರಲ್ಲ. ಇನ್ನು ಮಂಜು. ವೈಡ್ ಶಾಟ್‌ನಲ್ಲಿ ಹಿಂದೆ ಸಿಲ್ವರ್ ಮರಗಳ ಸಾಲು ಕಾಣ್ತಿರುತ್ತೆ. ಕ್ಲೋಸಪ್‌ಗೆ ಲೈಟ್ ತಿರುಗಿಸೋಷ್ಟರಲ್ಲಿ ಹಿಂದೆ ಬರೀ ಬಿಳಿ ಗೋಡೆ. ಎಡಿಟಿಂಗ್‌ನಲ್ಲಿ ಅದು ಸೇರೋದೇ ಇಲ್ಲ. ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ ಇಟ್ಟುಕೊಳ್ಳಿ. ಅದಕ್ಕಿಂತ ತಡವಾಗಿ ಕಾಫಿ ಕೊಯ್ಲು ಜೋರಾದರೆ ಕಣದಲ್ಲಿ ಕಾಫಿ ಹರಡಿರುತ್ತೆ, ಟ್ರಾಲಿ ಹಾಕೋಕೆ ಯಾವ ಸಾಹುಕಾರರೂ ಬಿಡಲ್ಲ.

ಅಪ್‌ಲೋಡ್ ಲೆಕ್ಕವನ್ನೂ ಮೊದಲೇ ಹಾಕಿ. 22 ನಿಮಿಷದ ಸಂಚಿಕೆಯನ್ನು 1080ಪಿ (ಫುಲ್ ಎಚ್‌ಡಿ) ಗುಣಮಟ್ಟದಲ್ಲಿ 8 ಎಂಬಿಪಿಎಸ್‌ಗೆ (ಸೆಕೆಂಡಿಗೆ 8 ಮೆಗಾಬಿಟ್) ತೆಗೆದರೆ ಸುಮಾರು 1.3 ಜಿಬಿ. ಅಪ್‌ಲೋಡ್ ವೇಗ 2 ಎಂಬಿಪಿಎಸ್ ಇದ್ದರೆ ಒಂದೂವರೆ ಗಂಟೆ, ಅದೂ ಲೈನ್ ಕಡಿಯದಿದ್ದರೆ. ಹಿಂದಿನ ದಿನವೇ ಪ್ರೈವೇಟ್ ಆಗಿ ಹಾಕಿ ಸಮಯ ಶೆಡ್ಯೂಲ್ ಮಾಡಿ. ಎಚ್‌ಡಿ ತಯಾರಾಗೋದು, ಕಾಪಿರೈಟ್ ಕ್ಲೇಮ್ ಬಂದರೆ ಸರಿಪಡಿಸೋದು ಎಲ್ಲಕ್ಕೂ ಟೈಮ್ ಸಿಗುತ್ತೆ.

ಮಂಜಿನೂರು:
ಶೂಟಿಂಗ್ ಅಕ್ಟೋಬರ್‌ಗೇ ಅಂತ ನಿರ್ಮಾಪಕರಿಗೆ ಹೇಳ್ತೇನೆ. ಇನ್ನೊಂದು: ಇದನ್ನು ನೋಡುತ್ತಿದ್ದವರಲ್ಲಿ ವಯಸ್ಸಾದವರೇ ಜಾಸ್ತಿ, ಡಿಶ್ ಬಿಟ್ಟು ಬೇರೆ ಗೊತ್ತಿಲ್ಲ. ಮಳೆಗಾಲದಲ್ಲಿ ಅವರಿಗೆ ಹೇಗೆ ತಲುಪಿಸೋದು?

ಕಕ್ಕಡ:
ಜೋರು ಮಳೆಗೆ ಡಿಶ್ ಸಿಗ್ನಲ್ಲೂ ಹೋಗುತ್ತಲ್ಲ. ಫೈಬರ್‌ಗೆ ಆ ತೊಂದರೆ ಇಲ್ಲ, ಮರ ಬಿದ್ದು ಕೇಬಲ್ ತುಂಡಾಗಬಾರದು ಅಷ್ಟೇ. ನೆಟ್ ಹೋಯ್ತು ಅಂತ ಅನೇಕರು ಅಂದುಕೊಳ್ಳೋದು ನಿಜಕ್ಕೂ ಕರೆಂಟ್ ಹೋಗಿ ಮೋಡೆಮ್ ಆರಿರೋದು. ಟಿವಿ ಇನ್ವರ್ಟರ್ ಮೇಲೆ ಇರುತ್ತೆ, ಮೋಡೆಮ್ ಬೇರೆ ಪ್ಲಗ್‌ನಲ್ಲಿ. ಅದನ್ನೂ ಇನ್ವರ್ಟರ್ ಲೈನ್‌ಗೆ ಹಾಕಿಸಿ, ಇಲ್ಲವೇ ಸಣ್ಣ ಡಿಸಿ ಯುಪಿಎಸ್ (ಮೋಡೆಮ್‌ಗೆ ನೇರ ಚುಚ್ಚುವ ಬ್ಯಾಟರಿ ಪೆಟ್ಟಿಗೆ) ಇಡಿ. ಕೊಳ್ಳುವ ಮೊದಲು ಮೋಡೆಮ್ ಅಡಿಯ ಚೀಟಿ ನೋಡಿ: ಸಾಮಾನ್ಯವಾಗಿ 12 ವೋಲ್ಟ್ ಇರುತ್ತೆ, ಆಂಪಿಯರ್ ಅಲ್ಲಿ ಬರೆದದ್ದಕ್ಕಿಂತ ಕಡಿಮೆ ಇರಬಾರದು, ಪಿನ್‌ನ ಪ್ಲಸ್-ಮೈನಸ್ ಗುರುತು ಹೊಂದಬೇಕು. ಮೊಬೈಲ್ ನೆಟ್ ಮಾತ್ರ ಇರುವ ಮನೆಗೆ 480ಪಿ (ಕಡಿಮೆ ಸ್ಪಷ್ಟತೆ) ಸಾಕು. 1 ಎಂಬಿಪಿಎಸ್ ಹಿಡಿದರೆ 22 ನಿಮಿಷಕ್ಕೆ ಸುಮಾರು 165 ಎಂಬಿ. ಬೆಳಗಿನ ಜಾವ ಡೌನ್‌ಲೋಡ್ ಮಾಡಿಟ್ಟರೆ ಸಂಜೆ ಟವರ್ ಆರಿದರೂ ನೋಡಬಹುದು.