ನೀಲಗಿರಿ ಎಣ್ಣೆ, ಎಲೆಸಾರ, ಸೂಕ್ಷ್ಮಾಣು ನಿರೋಧಕ: ಪದಗಳ ಬಳಕೆಯ ಬಗ್ಗೆ ಒಂದು ಪ್ರಶ್ನೆ

ಮಾನ್ಯರೇ,

ಔಷಧೀಯ ಸಸ್ಯಗಳನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಸಿದ್ಧವಾಗುತ್ತಿರುವ ಕಿರುಹೊತ್ತಗೆಯೊಂದರ ಕರಡನ್ನು ತಿದ್ದುವಾಗ, ನೀಲಗಿರಿಯ ಅಧ್ಯಾಯದ ಕೆಲವು ಪದಗಳ ಬಗ್ಗೆ ಸಂದೇಹ ಬಂದಿದೆ. ಪದ ತಪ್ಪಿದರೆ ಬಳಸುವವರ ಆರೋಗ್ಯಕ್ಕೇ ತೊಂದರೆಯಾಗಬಹುದಾದ ವಿಷಯ ಇದಾದ್ದರಿಂದ ತಮ್ಮ ಅಭಿಪ್ರಾಯವನ್ನು ಕೋರುತ್ತೇನೆ.

ಮರದ ಹೆಸರಿನ ತೊಡಕು ಚಿಕ್ಕದು. ಆಸ್ಟ್ರೇಲಿಯಾ ಮೂಲದ ಈ ಮರ ನೀಲಗಿರಿ ಬೆಟ್ಟಗಳಲ್ಲಿ 1843ರ ಸುಮಾರಿಗೆ ನೆಲೆಯೂರಿ, ಕನ್ನಡದಲ್ಲಿ ಬೆಟ್ಟದ ಹೆಸರನ್ನೇ ಪಡೆಯಿತು. ಆದರೆ ಔಷಧಿಯ ಎಣ್ಣೆಗೆ ಹೆಸರಾದದ್ದು ಆ ಬೆಟ್ಟಗಳ ಗ್ಲಾಬ್ಯುಲಸ್ ಜಾತಿ. ಕೋಲಾರ, ತುಮಕೂರಿನ ಕಡೆ ಹೊಲಗಳಲ್ಲಿ ಬೆಳೆದಿರುವುದು ಕಂಬಕ್ಕೂ ಕಾಗದದ ತಿರುಳಿಗೂ ಒದಗುವ ಟೆರೆಟಿಕಾರ್ನಿಸ್‌ನ ಮಿಶ್ರತಳಿ. ನಿಂಬೆಯ ವಾಸನೆಯ ಸಿಟ್ರಿಯೊಡೋರಾದ ಎಣ್ಣೆಯಲ್ಲಿ ಮುಖ್ಯವಾಗಿರುವುದು ಸಿಟ್ರೊನೆಲ್ಲಾಲ್ ಎಂಬ ಬೇರೆಯೇ ಘಟಕ. ಮೂರನ್ನೂ ನಾವು ನೀಲಗಿರಿ ಎನ್ನುವುದರಿಂದ, ಮೊದಲ ಉಲ್ಲೇಖದಲ್ಲಾದರೂ ಜಾತಿಯ ಹೆಸರನ್ನು ಕನ್ನಡ ಲಿಪಿಯಲ್ಲಿ ಸೇರಿಸುವುದು ಸಾಕೆಂದು ನನಗೆ ತೋರುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ‘ಎಣ್ಣೆ’ ಮತ್ತು ‘ತೈಲ’ ಎಂಬ ಪದಗಳನ್ನು. ತಿಲದಿಂದ ಬಂದ ‘ತೈಲ’ ಎಂಬ ಮಾತು ಆಯುರ್ವೇದದ ಓದುಗರಿಗೆ ಎಳ್ಳೆಣ್ಣೆಯಲ್ಲಿ ಮೂಲಿಕೆಗಳನ್ನು ಕುದಿಸಿ ಇಳಿಸಿದ, ಮೈಗೆ ಧಾರಾಳವಾಗಿ ಹಚ್ಚುವ, ಕೆಲವೊಮ್ಮೆ ಒಳಗೂ ಕೊಡುವ ಔಷಧಿಯನ್ನು ನೆನಪಿಸುತ್ತದೆ. ನೀಲಗಿರಿಯ ಎಣ್ಣೆಯಾದರೋ ಎಲೆಗಳಿಗೆ ಹಬೆ ಹಾಯಿಸಿ ಬಟ್ಟಿ ಇಳಿಸಿದ ದ್ರವ. ಅದರಲ್ಲಿ ಜಿಡ್ಡಿಲ್ಲ, ಗಾಳಿಗಿಟ್ಟರೆ ಆವಿಯಾಗುತ್ತದೆ. ಔಷಧಿಗೆ ಬಳಸುವ ಎಣ್ಣೆಯಲ್ಲಿ ಸಿನಿಯೋಲ್ ಎಂಬ ಘಟಕ ಕನಿಷ್ಠ ಶೇ. 70ರಷ್ಟಿರಬೇಕೆಂಬುದು ಬ್ರಿಟಿಷ್ ಔಷಧ ಸಂಹಿತೆಯ ಮಟ್ಟ. ಇಷ್ಟು ಸಾಂದ್ರವಾದುದನ್ನು ಕೆಲವೇ ಮಿಲಿಲೀಟರಿನಷ್ಟು ನುಂಗಿದರೂ ಮಕ್ಕಳಿಗೆ ಸೆಳವು ಬರಬಹುದು, ಪ್ರಜ್ಞೆ ತಪ್ಪಬಹುದು. ಹಸುಗೂಸಿನ ಮೂಗಿಗೆ ಹಚ್ಚುವುದಂತೂ ಕೂಡದು. ಹೀಗಿರುವಾಗ ಕರಡಿನಲ್ಲಿರುವ ‘ನೀಲಗಿರಿ ತೈಲವನ್ನು ಸೇವಿಸಬಹುದು’ ಎಂಬ ವಾಕ್ಯವನ್ನು ನಾನು ಹಾಗೆಯೇ ಬಿಡಲಾರೆ. ‘ಬಾಷ್ಪಶೀಲ ತೈಲ’ ಎಂಬುದು ಅರ್ಥಕ್ಕೆ ನಿಖರವಾಗಿದ್ದರೂ ಓದುಗರಿಗೆ ದೂರ. ‘ಆವಿಯೆಣ್ಣೆ’ ಎಂದರೆ ತಿಳಿಯುತ್ತದೆಯೇ?

‘ಸಾರಭೂತ ತೈಲ’ ಎಂಬ ರೂಢಿಯ ಪದವನ್ನು ಉಳಿಸಿಕೊಳ್ಳೋಣವೆಂದರೆ, ಅದೇ ಅಧ್ಯಾಯದಲ್ಲಿ ‘ಎಲೆಸಾರ’ವೂ ಬಂದು ಎರಡೂ ಒಂದೇ ಎಂಬ ಭಾವನೆ ಹುಟ್ಟುತ್ತದೆ. ನೀರಿನಲ್ಲೋ ಮದ್ಯಸಾರದಲ್ಲೋ ತೆಗೆದ ಎಲೆಯ ಸಾರದಲ್ಲಿ ಟ್ಯಾನಿನ್, ಫ್ಲೇವನಾಯ್ಡ್‌ಗಳಂತಹ ವಸ್ತುಗಳಿರುತ್ತವೆ; ತೆರೆದ ಪಾತ್ರೆಯಲ್ಲಿ ಕುದಿಸಿದ ಕಷಾಯದಿಂದ ಸಿನಿಯೋಲ್ ಬಹುಪಾಲು ಆವಿಯಾಗಿ ಹೋಗಿರುತ್ತದೆ. ಎಣ್ಣೆಯ ಬಗ್ಗೆ ಪ್ರಯೋಗಾಲಯದಲ್ಲಿ ಕಂಡುಕೊಂಡದ್ದನ್ನು ಕಷಾಯಕ್ಕೆ ಅನ್ವಯಿಸಲಾಗದು. ಆದ್ದರಿಂದ ನೀರಿನದಕ್ಕೆ ‘ಕಷಾಯ’, ಮದ್ಯಸಾರದ್ದಕ್ಕೆ ‘ಅರ್ಕ’ ಎಂದು ಬೇರ್ಪಡಿಸಬಹುದೇ? ‘ಅರ್ಕ’ ಎಂದರೆ ಬಟ್ಟಿ ಇಳಿಸಿದ್ದೆಂಬ ಅರ್ಥವೂ ಇರುವುದು ಇಲ್ಲಿ ನನ್ನ ಅಳುಕು.

ಕೊನೆಯದು ‘ನಿರೋಧಕ’. ಕರಡಿನಲ್ಲಿ ‘ನೀಲಗಿರಿ ಎಣ್ಣೆಗೆ ಬ್ಯಾಕ್ಟೀರಿಯಾ ನಿರೋಧಕ ಗುಣವಿದೆ’ ಎಂದೂ, ಎರಡು ಸಾಲು ಕೆಳಗೆ ‘ಔಷಧ ನಿರೋಧಕ ಬ್ಯಾಕ್ಟೀರಿಯಾಗಳ ಮೇಲೂ ಅದನ್ನು ಪರೀಕ್ಷಿಸಲಾಗಿದೆ’ ಎಂದೂ ಇದೆ. ಮೊದಲನೆಯದರಲ್ಲಿ ತಡೆಯುವುದು ಎಣ್ಣೆ, ಎರಡನೆಯದರಲ್ಲಿ ಔಷಧಿಗೆ ಜಗ್ಗದಿರುವುದು ಬ್ಯಾಕ್ಟೀರಿಯಾ. ಎರಡನೆಯದಕ್ಕೆ ‘ಔಷಧಕ್ಕೆ ಬಗ್ಗದ’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ಭಾವಿಸಿದ್ದೇನೆ. ಮೊದಲನೆಯದರಲ್ಲಿಯೂ ಬೆಳವಣಿಗೆಯನ್ನು ತಡೆಯುವುದಕ್ಕೂ ಕೊಲ್ಲುವುದಕ್ಕೂ ಅಂತರವಿದೆ: ಎಣ್ಣೆಯ ಘಟಕಗಳು ಜೀವಕೋಶದ ಪೊರೆಯನ್ನು ಸಡಿಲಿಸಿ ಒಳಗಿನದು ಸೋರುವಂತೆ ಮಾಡುತ್ತವೆ, ಅಳತೆ ಕಡಿಮೆಯಾದರೆ ಬೆಳವಣಿಗೆ ನಿಲ್ಲುತ್ತದೆ, ಹೆಚ್ಚಾದರೆ ಜೀವಿ ಸಾಯುತ್ತದೆ. ಸ್ಟಫೈಲೋಕಾಕಸ್‌ನಂತಹ ಬ್ಯಾಕ್ಟೀರಿಯಾಗಳು ಸುಲಭವಾಗಿ ಮಣಿದರೆ, ಹೊರಪೊರೆಯ ರಕ್ಷಣೆಯಿರುವ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಅಷ್ಟಾಗಿ ಮಣಿಯುವುದಿಲ್ಲ. ಗಾಜಿನ ತಟ್ಟೆಯಲ್ಲಿ ಕಂಡ ಈ ಪರಿಣಾಮವನ್ನು ‘ಸೋಂಕು ನಿವಾರಕ’ ಎಂದು ಕರೆದರೆ ರೋಗ ವಾಸಿಯಾಗುತ್ತದೆಂಬ ಭರವಸೆ ಕೊಟ್ಟಂತಾಗುತ್ತದೆ. ‘ಬೆಳವಣಿಗೆ ತಡೆ’ ಮತ್ತು ‘ನಾಶಕ’ ಎಂಬ ಜೋಡಿ ನನಗೆ ಒಪ್ಪಿಗೆಯಾಗಿದೆ. ಇದಕ್ಕಿಂತ ಹಗುರವಾದ ಪದಗಳಿದ್ದರೆ ದಯವಿಟ್ಟು ಸೂಚಿಸಿ.

ತಮಿಳರು ಈ ಮರವನ್ನು ತೈಲಮರ ಎಂದೇ ಕರೆಯುತ್ತಾರೆ. ಊಟಿ, ಗೂಡಲೂರು ಕಡೆಯ ಕನ್ನಡಿಗರು ಮತ್ತು ಬಡಗರು ಭಟ್ಟಿಯಿಂದ ಇಳಿದ ಎಣ್ಣೆಗೂ ಮನೆಯಲ್ಲಿ ಕಾಯಿಸಿದ ಎಣ್ಣೆಗೂ ಮಾತಿನಲ್ಲಿ ಭೇದ ಮಾಡುತ್ತಾರೆಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.