ಏರ್‌ಪೋರ್ಟ್ ಸ್ಮೋಕಿಂಗ್ ರೂಮ್ ಪಕ್ಕ ಉಬ್ಬಸದ ಅಮ್ಮ ಕೂತಿದ್ರು, ಯಾರನ್ನ ಕೇಳ್ಬೇಕು?

ಹಾಸನದ ಮಗ

ಎಲ್ರಿಗೂ ನಮಸ್ಕಾರ. ಅಮ್ಮಂಗೆ 68 ವರ್ಷ, ತುಂಬಾ ವರ್ಷದಿಂದ ಉಬ್ಬಸ ಇದೆ. ಅಕ್ಕ ಡೆಲ್ಲಿಲಿರೋದು, ಹೋದ ವರ್ಷ ಅವಳ ಮನೆಗೆ ಕರ್ಕೊಂಡು ಹೋಗಿದ್ದೆ. ರಾತ್ರಿ ಹಾಸನದಿಂದ ಟ್ಯಾಕ್ಸಿ, ಬೆಳಗಿನ ಜಾವ ಫ್ಲೈಟು. ವಾಪಸ್ ಬರುವಾಗ ಒಂದು ಏರ್‌ಪೋರ್ಟಲ್ಲಿ (ಹೆಸ್ರು ಬೇಡ) ವ್ಹೀಲ್‌ಚೇರ್ ತಳ್ಳೋ ಹುಡ್ಗ ಅಮ್ಮನ್ನ ಗೇಟ್ ಹತ್ರ ಬಿಟ್ಟು ಹೋದ, ಅದ್ರ ಪಕ್ಕಕ್ಕೇ ಸ್ಮೋಕಿಂಗ್ ರೂಮು. ಯಾರಾದ್ರೂ ಒಳಗೆ ಹೋದ್ರೆ ಈಚೆ ಬಂದ್ರೆ ಗುಪ್ಪಂತ ಹೊಗೆ, ಅಮ್ಮ ಸೆರಗನ್ನ ಮೂಗಿಗೆ ಒತ್ತಿ ಹಿಡ್ಕೊಂಡು ಗೋಡೆ ಕಡೆ ಮುಖ ತಿರುಗಿಸ್ಕೊಂಡು ಕೂತಿದ್ರು, ನಾನು ಕಾಫಿ ತರೋಕೆ ಅಂತ ಹತ್ತು ನಿಮಿಷ ಹೋಗಿದ್ದೆ ಅಷ್ಟೇ, ವಾಪಸ್ ಬರೋದ್ರೊಳಗೆ ಎರಡು ಸಲ ಪಂಪ್ ಹೊಡ್ಕೊಂಡಿದ್ರು. ಅಲ್ಲಿದ್ದ ಸ್ಟಾಫ್‌ನ ಕೇಳಿದ್ರೆ "ಅದು ಪರ್ಮಿಷನ್ ಇರೋ ರೂಮು ಸಾರ್" ಅಂದ್ರು, ಮುಗೀತು.

ಆಮೇಲೆ ಊರಿಗೆ ಬರೋ ದಾರಿಲಿ ಒಂದು ಬಸ್‌ಸ್ಟ್ಯಾಂಡಲ್ಲಿ ಪ್ಲಾಟ್‌ಫಾರ್ಮ್ ಬೆಂಚ್ ಮೇಲೇ ಬೀಡಿ. ಹೇಳಿದ್ರೆ "ಇದು ಬಯಲು ಜಾಗ, ಕೇಳೋಕೆ ನೀನ್ಯಾರು" ಅಂತ ಜಗಳಕ್ಕೇ ಬಂದ.

ಮುಂದಿನ ತಿಂಗಳು ಮತ್ತೆ ಹೋಗ್ಬೇಕು. ಆ ರೂಮ್‌ಗೆ ನಿಜವಾಗ್ಲೂ ಪರ್ಮಿಷನ್ ಇದ್ಯಾ? ಬಸ್‌ಸ್ಟ್ಯಾಂಡು ಬಯಲು ಜಾಗಾನಾ? ಯಾರಿಗೆ ಹೇಳೋದು? ಗೊತ್ತಿರೋರು ದಯವಿಟ್ಟು ತಿಳಿಸಿ.

ಬೇಲೂರು ರಸ್ತೆ

ಅಮ್ಮನ ವಿಷಯ ಓದಿ ಬೇಜಾರಾಯ್ತು ಸಾರ್. ನಾನು ವಕೀಲರ ಆಫೀಸಲ್ಲಿ ಕೆಲಸ ಮಾಡ್ತೀನಿ, ಈ ಕಾಯ್ದೆ ಸುಮಾರು ಸಲ ತಿರುವಿ ಹಾಕಿದೀನಿ.

ರೂಮ್‌ಗೆ ಅವಕಾಶ ಇರೋದು ನಿಜ. 2003ರ ಕೋಟ್ಪಾ ಕಾಯ್ದೆ (ತಂಬಾಕು ನಿಯಂತ್ರಣ ಕಾನೂನು) 4ನೇ ಸೆಕ್ಷನ್ನಲ್ಲಿ ಸಾರ್ವಜನಿಕ ಜಾಗದಲ್ಲಿ ಸೇದಂಗಿಲ್ಲ ಅಂತ ಹೇಳಿ, ಮೂರು ಕಡೆ ಮಾತ್ರ ಪ್ರತ್ಯೇಕ ಜಾಗ ಮಾಡ್ಬಹುದು ಅಂತ ಬಿಟ್ಟಿದಾರೆ: 30 ರೂಮ್ ಇರೋ ಹೋಟ್ಲು, 30 ಸೀಟಿಗಿಂತ ಕಮ್ಮಿ ಇಲ್ದಿರೋ ರೆಸ್ಟೋರೆಂಟು, ಏರ್‌ಪೋರ್ಟು. ಮಾಡ್ಬಹುದು ಅಂತ ಇದೆ, ಮಾಡ್ಲೇಬೇಕು ಅಂತ ಎಲ್ಲೂ ಇಲ್ಲ. ಆದ್ರೆ ಮಾಡಿದ್ರೆ ಹೇಗಿರ್ಬೇಕು ಅಂತ 2008ರ ರೂಲ್ಸಲ್ಲಿ (ಅಕ್ಟೋಬರ್ 2ಕ್ಕೆ ಜಾರಿಗೆ ಬಂತು) ಸ್ಪಷ್ಟವಾಗಿದೆ. ನಾಕೂ ಕಡೆ ಸೂರಿನ ತನಕ ಗೋಡೆ ಇರ್ಬೇಕು, ಬಾಗ್ಲು ತಾನಾಗೇ ಮುಚ್ಕೊಬೇಕು, ಒಳಗಿನ ಗಾಳಿ ಕಟ್ಟಡದ ಬೇರೆ ಗಾಳಿ ಜೊತೆ ಸೇರದ ಹಾಗೆ ನೇರ ಹೊರಗೆ ಹೋಗ್ಬೇಕು, ರೂಮೊಳಗಿನ ಗಾಳಿ ಒತ್ತಡ ಹೊರಗಿಗಿಂತ ಕಮ್ಮಿ ಇರ್ಬೇಕು. ಈ ಕೊನೇದೇ ಮುಖ್ಯ. ಒತ್ತಡ ಕಮ್ಮಿ ಇದ್ರೆ ಬಾಗ್ಲು ತೆಗೆದಾಗ ಹೊರಗಿನ ಗಾಳಿ ಒಳಕ್ಕೆ ಎಳ್ಕೊಳುತ್ತೆ. ನಿಮ್ಮಮ್ಮನ ಮುಖಕ್ಕೆ ಹೊಗೆ ಬಂತು ಅಂದ್ರೆ ಅಲ್ಲಿ ಆ ವ್ಯವಸ್ಥೆ ಕೆಟ್ಟಿದೆ ಇಲ್ಲಾ ಸಾಲ್ತಿಲ್ಲ ಅಂತ್ಲೇ ಅರ್ಥ. ಒಂದು ತೆಳು ಟಿಶ್ಯೂ ಪೇಪರ್‌ನ ಬಾಗ್ಲು ಸಂದಿ ಹತ್ರ ಹಿಡಿದು ನೋಡಿ, ಒಳಕ್ಕೆ ವಾಲಿದ್ರೆ ಸರಿ, ನಿಮ್ಮ ಕಡೆ ಹಾರಿದ್ರೆ ವಿಡಿಯೋ ಮಾಡ್ಕೊಂಡು ಡ್ಯೂಟಿ ಮ್ಯಾನೇಜರ್ ಮುಂದೆ ಇಡಿ.

ಬಸ್‌ಸ್ಟ್ಯಾಂಡು ಬಯಲು ಅಂದೋನಿಗೆ ಉತ್ತರಾನೂ ಅದೇ ರೂಲ್ಸಲ್ಲಿದೆ. ಸ್ಟೇಡಿಯಂ, ರೈಲ್ವೆ ಸ್ಟೇಷನ್, ಬಸ್‌ಸ್ಟ್ಯಾಂಡು ಇಂಥ ಜನ ಬರೋ ಜಾಗಗಳು ಬಯಲು ಅನ್ನೋ ಲೆಕ್ಕಕ್ಕೆ ಬರಲ್ಲ. ನಮ್ಮ ರಾಜ್ಯದಲ್ಲಿ ಇಂಥ ಕಡೆ ಸೇದಿದ್ರೆ 200 ರೂಪಾಯಿ ಇದ್ದ ದಂಡಾನ 2025ರ ಮೇನಲ್ಲಿ ಬಂದ ತಿದ್ದುಪಡಿಲಿ 1000ಕ್ಕೆ ಏರಿಸಿದಾರೆ, ಬೀಡಿ ಸಿಗರೇಟು ಕೊಳ್ಳೋರಿಗೆ ಇರ್ಬೇಕಾದ ವಯಸ್ಸೂ 18ರಿಂದ 21 ಆಗಿದೆ.

ಇನ್ನೊಂದು, ಹೊಗೆ ಸೇದಬಾರದು ಅನ್ನೋ ಬೋರ್ಡ್ ಮೇಲೆ ಯಾರಿಗೆ ದೂರು ಕೊಡ್ಬೇಕು ಅನ್ನೋ ಹೆಸ್ರು ಇರ್ಲೇಬೇಕು. ದೂರು ಕೊಟ್ಟ ಮೇಲೂ ಅವ್ರು ಸುಮ್ನಿದ್ರೆ ಆ ಜಾಗದ ಜವಾಬ್ದಾರರಿಗೂ ದಂಡ ಬೀಳುತ್ತೆ. ಅದಕ್ಕೇ ಸೇದೋನ ಜೊತೆ ಜಗಳಕ್ಕೆ ಇಳೀಬೇಡಿ, ಬೋರ್ಡಲ್ಲಿರೋ ಹೆಸರನ್ನ ಹುಡುಕಿ ಅವ್ರ ಹತ್ರ ಹೋಗಿ.

ಗಿರಿ ಡ್ರೈವರ್ ಚಿಕ್ಕಮಗಳೂರು

ನಾನು 14 ವರ್ಷ ಸೇದಿದೋನು, ಬಿಟ್ಟು ಮೂರು ವರ್ಷ ಆಯ್ತು, ಏರ್‌ಪೋರ್ಟ್ ಟ್ರಿಪ್ ಹೊಡೆಯೋದೇ ನನ್ ಕೆಲಸ. ಸೇದೋರ ಕಷ್ಟಾನೂ ಹೇಳ್ತೀನಿ ತಪ್ಪು ತಿಳೀಬೇಡಿ. ಚಿಕ್ಕಮಗಳೂರಿಂದ ಏರ್‌ಪೋರ್ಟ್‌ಗೆ ಐದಾರು ಗಂಟೆ, ಆಮೇಲೆ ಚೆಕ್‌ಇನ್, ಸೆಕ್ಯುರಿಟಿ, ಲೈಟರ್ ಕಿತ್ಕೊಳ್ತಾರೆ, ಆಮೇಲೆ ಫ್ಲೈಟಲ್ಲಿ ಮತ್ತೆ ಗಂಟೆಗಟ್ಲೆ, ಚಟ ಇರೋನಿಗೆ ಕೈ ನಡುಗೋಕೆ ಶುರುವಾಗುತ್ತೆ, ಆ ರೂಮು ಕಾಣಿಸಿದ್ರೆ ದೇವ್ರು ಸಿಕ್ಕಿದಂಗೆ ಆಗುತ್ತೆ. ನಾನೂ ಒಂದ್ಸಲ ಹೋಗಿದ್ದೆ. ಒಳಗೆ ಹತ್ತು ಜನ, ಗೋಡೆಗೆ ಚೈನ್ ಕಟ್ಟಿರೋ ಲೈಟರ್, ಎದುರಿಗಿರೋನ ಮುಖ ಕಾಣದಷ್ಟು ಹೊಗೆ, ಕಣ್ಣುರಿ. ಈಚೆ ಬಂದ್ರೆ ಬಾಗ್ಲು ಪಕ್ಕ ಒಂದು ಪುಟ್ಟ ಮಗು ಕೆಮ್ತಾ ಇತ್ತು, ಅವರಮ್ಮ ನನ್ನನ್ನೇ ನೋಡಿದ್ರು, ಏನೂ ಅನ್ನಲಿಲ್ಲ. ಆ ನೋಟ ಇವತ್ತಿಗೂ ಮರ್ತಿಲ್ಲ.

ಬಿಡಬೇಕು ಅನ್ನೋರಿಗೆ ಸರ್ಕಾರದ ನಂಬರ್ ಇದೆ 1800-11-2356, ಪ್ಯಾಕೆಟ್ ಮೇಲೇ ಅಚ್ಚಾಗಿರುತ್ತೆ, ಕನ್ನಡದಲ್ಲಿ ಮಾತಾಡ್ತಾರೆ. ಚಿಕ್ಲೆಟ್ ಥರ ನಿಕೋಟಿನ್ ಗಮ್ ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ, ಡಾಕ್ಟರ್ ಕೇಳ್ಕೊಂಡು ತಗೊಳ್ಳಿ, ಪ್ರಯಾಣಕ್ಕೆ ಅದು ಸಾಕು. ವೇಪ್ (ಇ-ಸಿಗರೇಟು) ಮಾತ್ರ ಇಟ್ಕೋಬೇಡಿ, 2019ರಿಂದ ನಮ್ಮ ದೇಶದಲ್ಲಿ ಅದ್ರ ಮಾರಾಟ, ಸ್ಟಾಕು ಎಲ್ಲ ಬ್ಯಾನ್.

ಅರಕಲಗೂಡು ಹುಡ್ಗಿ

ನಮ್ಮದು ಹೊಗೆಸೊಪ್ಪು ಬೆಳೆಯೋ ಮನೆ, ರಾಮನಾಥಪುರದ ಹರಾಜಿಗೆ ಬೇಲ್ ಹೊತ್ಕೊಂಡು ಹೋಗೋ ಮನೆ. ಎಲೆ ಒಣಗಿಸೋ ಬ್ಯಾರನ್‌ಗೆ ಬೆಂಕಿ ಹಾಕಿದ್ರೆ ದಿನಗಟ್ಲೆ ಅಪ್ಪ ರಾತ್ರಿ ನಿದ್ದೆ ಕೆಟ್ಟು ಕಾಯೋರು, ನಾವು ಮಕ್ಕಳು ಹಸಿ ಎಲೆ ಕಡ್ಡಿಗೆ ಕಟ್ತಿದ್ವಿ, ಬೆರಳೆಲ್ಲ ಅಂಟು ಹತ್ತಿ ಕಪ್ಪಾಗೋದು, ಸೀಗೆಪುಡಿ ಹಾಕಿ ಉಜ್ಜಿದ್ರೂ ಊಟದಲ್ಲಿ ಕಹಿ. ಆ ದುಡ್ಡಲ್ಲೇ ನಾನು ಓದಿದ್ದು, ಅದನ್ನ ಮುಚ್ಚಿಡಲ್ಲ. ಬೆಳೆಯೋರಾದ್ರೇನು, ಹೊಗೆ ಕೆಟ್ಟದ್ದು ಅಂತ ಹೇಳೋಕೆ ನಮಗೆ ಹಿಂಜರಿಕೆ ಇಲ್ಲ, ನಮ್ಮಜ್ಜಿ ಒಂದು ಬೀಡಿನೂ ಸೇದ್ದೋರಲ್ಲ, ಅಜ್ಜನ ಬೀಡಿ ಹೊಗೇಲೇ ಐವತ್ತು ವರ್ಷ ಬದುಕಿದೋರು, ಕೊನೆಗೆ ಅಜ್ಜನ ಥರಾನೇ ಕೆಮ್ಮೋರು.

ಏರ್‌ಪೋರ್ಟ್ ರೂಮುಗಳ್ನ ತೆಗೆದೋರೂ ಇದಾರೆ. 2019ರ ಫೆಬ್ರವರಿಲಿ ಥಾಯ್ಲೆಂಡ್ ತನ್ನ ದೊಡ್ಡ ಏರ್‌ಪೋರ್ಟುಗಳ ಒಳಗಿನ ಸ್ಮೋಕಿಂಗ್ ರೂಮುಗಳ್ನ ಮುಚ್ಚಿಸ್ತು. 2020ರ ಜನವರಿಲಿ ಅಮೆರಿಕದ ಅಟ್ಲಾಂಟಾ ಏರ್‌ಪೋರ್ಟೂ ಮುಚ್ತು, ಅದು ಜಗತ್ತಲ್ಲೇ ಅತೀ ಹೆಚ್ಚು ಜನ ಓಡಾಡೋ ಏರ್‌ಪೋರ್ಟುಗಳಲ್ಲಿ ಒಂದು. ನಮ್ಮ ಹಾಸನದ ಹತ್ರದ ಬೂವನಹಳ್ಳಿಲೂ ಏರ್‌ಪೋರ್ಟ್ ಆಗ್ತಿದೆ, ಅಲ್ಲಿ ಮೊದಲ್ನೇ ದಿನದಿಂದ್ಲೇ ಒಳಗೆ ಆ ರೂಮ್ ಬೇಡ ಅಂತ ಈಗ್ಲೇ ಕೇಳ್ಬೇಕು, ಕಟ್ಟಿದ ಮೇಲೆ ಒಡೆಸೋದು ಕಷ್ಟ.

ಹಾಸನದ ಮಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದಾಗ ಬೋರ್ಡ್ ನೋಡ್ದೆ, ಹೆಸ್ರು ಬರೆಯೋ ಜಾಗ ಖಾಲಿ. ನೇರ ಕಂಟ್ರೋಲರ್ ಹತ್ರ ಹೋಗಿ ಕೇಳ್ದೆ, ಅವ್ರು ಎದ್ದು ಬಂದು ಬೆಂಚ್ ಹತ್ರ ಸೇದ್ತಿದ್ದ ವಯಸ್ಸಾದೋರಿಗೆ "ಯಜಮಾನ್ರೇ, ಇಲ್ಲಿ ಬೇಡ" ಅಂದ್ರು, ಅವ್ರು ಬೀಡಿ ಚಪ್ಪಲಿಲಿ ಹೊಸಕಿ "ತಪ್ಪಾಯ್ತಪ್ಪ" ಅಂದ್ರು. ಇಷ್ಟೇ ಆಯ್ತು, ಜಗಳ ಇಲ್ಲ. ಹೆಸ್ರು ಬರೆಸ್ತೀನಿ ಅಂದಿದಾರೆ, ಮುಂದಿನ ವಾರ ಮತ್ತೆ ಹೋಗಿ ನೋಡ್ತೀನಿ. ಅಮ್ಮನ ಬ್ಯಾಗಲ್ಲಿ ಪಂಪ್ ಜೊತೆಗೆ ಟಿಶ್ಯೂ ಪ್ಯಾಕೆಟ್ಟೂ ಇಟ್ಟಿದೀನಿ.